ಕೊಳಲು ಕೊಳ್ಳುವ ಮೊದಲು ಹಾಡುವವರ ಶ್ರುತಿ ಕೇಳಿ

ಮನೆಯಲ್ಲಿ ಒಬ್ಬರೇ ನುಡಿಸುವಾಗ ತಲೆದೋರದ ತೊಂದರೆಗಳು ನಾಲ್ಕು ಜನ ಸೇರಿ ನುಡಿಸಲು ಕುಳಿತ ಮೊದಲ ಸಂಜೆಯೇ ಎದುರಾಗುತ್ತವೆ. ಈ ಬಾರಿ ಹವ್ಯಾಸಿ ವಾದಕರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಂಥವೇ ಆಗಿದ್ದುದರಿಂದ ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 44. ಎರಡು ವರ್ಷಗಳಿಂದ ಹಿಂದೂಸ್ತಾನಿ ಪದ್ಧತಿಯಲ್ಲಿ ಬಾನ್ಸುರಿ ಕಲಿಯುತ್ತಿದ್ದೇನೆ. ಗುರುಗಳು ಕೊಡಿಸಿದ ಬಿಳಿ ಮೂರರ (ಹಾರ್ಮೋನಿಯಂನ ಮೂರನೆಯ ಬಿಳಿ ಪಟ್ಟಿಯ ಶ್ರುತಿಯ) ಕೊಳಲೊಂದೇ ನನ್ನಲ್ಲಿದೆ. ಈಗ ಸಹೋದ್ಯೋಗಿಗಳು ಭಾವಗೀತೆಯ ತಂಡ ಕಟ್ಟಿದ್ದು, ಗಾಯಕರು ಕಪ್ಪು ಒಂದರಲ್ಲಿ, ಗಾಯಕಿ ಕಪ್ಪು ನಾಲ್ಕರಲ್ಲಿ ಹಾಡುತ್ತಾರೆ. ಜೊತೆಗೆ ಗಿಟಾರ್, ಕೀಬೋರ್ಡ್, ತಬಲಾ ಇವೆ. ನಾನು ಎಷ್ಟು ಕೊಳಲು ಕೊಳ್ಳಬೇಕು? ಅಥವಾ ಹಾಡುವವರನ್ನೇ ಬಿಳಿ ಮೂರಕ್ಕೆ ಬರಲು ಕೇಳಬಹುದೇ?

ಉತ್ತರ: ಹಾಡುವವರನ್ನು ಕೇಳಬೇಡಿ. ಬಿಳಿ ಮೂರಕ್ಕೆ ಬಂದರೆ ನಿಮ್ಮ ಗಾಯಕರು (ಬಿಳಿ, ಕಪ್ಪು ಎರಡನ್ನೂ ಎಣಿಸಿದರೆ) ಮೂರು ಪಟ್ಟಿ ಮೇಲೇರಬೇಕಾಗುತ್ತದೆ, ಚರಣದಲ್ಲಿ ತಾರ ಸ್ಥಾಯಿ ಬಂದಾಗ ಅವರ ಕಂಠ ಕಟ್ಟುತ್ತದೆ. ಗಾಯಕಿ ನಾಲ್ಕು ಪಟ್ಟಿ ಕೆಳಗಿಳಿಯಬೇಕಾಗುತ್ತದೆ, ಮಂದ್ರದಲ್ಲಿ ಅವರ ದನಿ ಕೇಳಿಸುವುದೇ ಇಲ್ಲ. ಭಾವಗೀತೆಯಲ್ಲಿ ಕವಿಯ ಮಾತು ಕೇಳುಗನಿಗೆ ಸ್ಪಷ್ಟವಾಗಿ ಮುಟ್ಟಬೇಕಾದ್ದರಿಂದ, ಕಂಠಕ್ಕೆ ಹಿತವಾದ ಶ್ರುತಿಯನ್ನು ಮೊದಲು ಗೊತ್ತುಮಾಡಿಕೊಂಡು ಉಳಿದ ವಾದ್ಯಗಳು ಅದಕ್ಕೆ ಹೊಂದಿಕೊಳ್ಳುವುದೇ ಸರಿಯಾದ ಕ್ರಮ.

ನಿಮ್ಮ ಅದೃಷ್ಟಕ್ಕೆ ಈ ಇಬ್ಬರ ಶ್ರುತಿಗಳು ಪರಸ್ಪರ ನೆಂಟರು. ಕಪ್ಪು ಒಂದನ್ನು ಷಡ್ಜ (ಸ) ಎಂದುಕೊಂಡರೆ ಕಪ್ಪು ನಾಲ್ಕು ಅದರ ಪಂಚಮ (ಪ). ಆದ್ದರಿಂದ ಕಪ್ಪು ಒಂದರ ಕೊಳಲೊಂದನ್ನು ಕೊಂಡರೆ ಇಬ್ಬರಿಗೂ ನುಡಿಸಬಹುದು. ಗಾಯಕರಿಗೆ ಅದನ್ನು ಎಂದಿನಂತೆ ನುಡಿಸಿ. ಗಾಯಕಿಗೆ ಮಧ್ಯ ಸಪ್ತಕದ ಪಂಚಮವನ್ನೇ ಷಡ್ಜವೆಂದು ಭಾವಿಸಿ. ಆಗ ನಿಮ್ಮ ಹಳೆಯ ಧೈವತ ರಿಷಭವಾಗುತ್ತದೆ, ನಿಷಾದ ಗಾಂಧಾರವಾಗುತ್ತದೆ, ಷಡ್ಜ ಮಧ್ಯಮವಾಗುತ್ತದೆ, ಶುದ್ಧ ನಿಷಾದ ಬೇಕಾದ ಜಾಗದಲ್ಲಿ ತೀವ್ರ ಮಧ್ಯಮ ಬರುತ್ತದೆ. ಎಲ್ಲ ರಂಧ್ರಗಳನ್ನೂ ತೆರೆದರೆ ಬಾನ್ಸುರಿಯಲ್ಲಿ ತೀವ್ರ ಮಧ್ಯಮ ತಾನಾಗಿಯೇ ನುಡಿಯುವುದರಿಂದ ಅರ್ಧ ರಂಧ್ರ ಮುಚ್ಚುವ ಕಷ್ಟವೂ ತಪ್ಪುತ್ತದೆ. ಬೆರಳಿಗಿಂತ ಮನಸ್ಸಿಗೆ ಇದು ಹೆಚ್ಚು ಕಷ್ಟ: ಎರಡು ವರ್ಷ ‘ಪ’ ಎಂದು ಕರೆದ ಜಾಗವನ್ನು ‘ಸ’ ಎಂದು ಕರೆಯಲು ಒಂದೆರಡು ತಿಂಗಳಾದರೂ ಅಲಂಕಾರಗಳನ್ನು ಹೊಸದಾಗಿ ಅಭ್ಯಾಸ ಮಾಡಬೇಕು. ಹಾಡು ಗಾಯಕಿಯ ತಾರ ಷಡ್ಜವನ್ನು ದಾಟಿದಲ್ಲಿ ಕೊಳಲು ಕಿರುಚುತ್ತದೆ, ಅಂಥ ಸಾಲುಗಳಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಸಿ.

ಈಗಿರುವ ಬಿಳಿ ಮೂರರ ಕೊಳಲನ್ನೂ ಮೂಲೆಗೆ ಸರಿಸಬೇಡಿ. ಅದರ ಧೈವತವೇ ಕಪ್ಪು ಒಂದು, ಅದರ ಗಾಂಧಾರವೇ ಕಪ್ಪು ನಾಲ್ಕು. ಶುದ್ಧ ಸ್ವರಗಳನ್ನೇ ಧೈವತದಿಂದ ಆರಂಭಿಸಿ ನುಡಿಸಿದರೆ ಆಸಾವರಿ ಥಾಟಿನ (ರಾಗಗಳಿಗೆ ಆಧಾರವಾದ ಸ್ವರಗಳ ಗುಂಪಿನ) ಸ್ವರಗಳು, ಅಂದರೆ ಕರ್ನಾಟಕ ಪದ್ಧತಿಯ ನಠಭೈರವಿ ದೊರೆಯುತ್ತದೆ. ಗಾಂಧಾರದಿಂದ ಆರಂಭಿಸಿದರೆ ಭೈರವಿ ಥಾಟ್, ಅಂದರೆ ಹನುಮತೋಡಿ. ಹೀಗಾಗಿ ಭೈರವಿಯ ಛಾಯೆಯ ಗೀತೆಯೊಂದನ್ನು ಗಾಯಕಿ ಹಾಡುವಾಗ ನೀವು ಹಳೆಯ ಕೊಳಲಿನಲ್ಲೇ ನಿರಾಯಾಸವಾಗಿ ನುಡಿಸಬಹುದು. ಬಿಲಾವಲ್ ಸ್ವರಗಳ, ಅಂದರೆ ಎಲ್ಲವೂ ಶುದ್ಧ ಸ್ವರಗಳಾದ ಹಾಡನ್ನು ಮಾತ್ರ ಅದರಲ್ಲಿ ಪ್ರಯತ್ನಿಸಬೇಡಿ, ಅರ್ಧ ರಂಧ್ರಗಳಲ್ಲೇ ಕಾಲ ಕಳೆದುಹೋಗುತ್ತದೆ.

ಅಂಗಡಿಗೆ ಹೋಗುವ ಮೊದಲು ಇನ್ನೊಂದು ಮಾತು. ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದಾಗ ಬರುವ ಸ್ವರ ಷಡ್ಜ, ಕರ್ನಾಟಕ ಪದ್ಧತಿಯ ವೇಣುವಿನಲ್ಲಿ ಎರಡು ಮುಚ್ಚಿದಾಗ ಬರುವುದು ಷಡ್ಜ. ಒಂದೇ ಉದ್ದದ ಬಿದಿರಿಗೆ ಹುಬ್ಬಳ್ಳಿಯಲ್ಲಿ ಒಂದು ಹೆಸರು, ಮೈಸೂರಿನಲ್ಲಿ ಇನ್ನೊಂದು! ನೀವು ಕಪ್ಪು ಒಂದು ಎನ್ನುವ ಕೊಳವೆ ಅಲ್ಲಿಯವರ ಲೆಕ್ಕದಲ್ಲಿ ಎರಡೂವರೆ (ಅಂದರೆ ಕಪ್ಪು ಎರಡರ) ಶ್ರುತಿಯದಾಗುತ್ತದೆ. ಯಾವ ಪದ್ಧತಿಯ ಕೊಳಲು ಎಂದು ಹೇಳದೆ ತರಿಸಿಕೊಂಡು ಪೆಟ್ಟಿಗೆ ಬಿಚ್ಚಿದ ಮೇಲೆ ಪೇಚಾಡಿದವರನ್ನು ನಾನು ಬಹಳ ಕಂಡಿದ್ದೇನೆ.

ಉಳಿದ ವಾದ್ಯಗಳಿಗೂ ಇದೇ ನೆಂಟಸ್ತಿಕೆ ನೆರವಾಗುತ್ತದೆ. ಗಿಟಾರಿನ ಮೊದಲ ಮನೆಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ ಸಿ ಸ್ವರಮೇಳದ ಬೆರಳಿನ ಆಕಾರಗಳನ್ನು ಹಿಡಿದರೆ ಕಪ್ಪು ಒಂದು, ಜಿ ಆಕಾರಗಳನ್ನು ಹಿಡಿದರೆ ಕಪ್ಪು ನಾಲ್ಕು. ಕಾರ್ಯಕ್ರಮ ಮುಗಿಯುವವರೆಗೆ ಕ್ಯಾಪೊ ಕದಲಿಸಬೇಕಿಲ್ಲ. ಕೀಬೋರ್ಡಿನಲ್ಲಿ ಶ್ರುತಿ ಏರಿಳಿಸುವ ಗುಂಡಿಯಾದ ಟ್ರಾನ್ಸ್‌ಪೋಸ್ ಒಂದಕ್ಕೆ ಇಟ್ಟರೂ ಇದೇ ಫಲ. ಆದರೆ ಆ ಗುಂಡಿಯನ್ನು ನಡುವೆ ಮುಟ್ಟದಿರುವುದು ಲೇಸು. ಗಣೇಶೋತ್ಸವದ ವೇದಿಕೆಯೊಂದರಲ್ಲಿ ನಮ್ಮ ಕೀಬೋರ್ಡ್ ವಾದಕರು ಹಿಂದಿನ ಹಾಡಿಗೆ ಏರಿಸಿದ್ದನ್ನು ಇಳಿಸಲು ಮರೆತು, ಪಲ್ಲವಿ ಆರಂಭವಾದ ಕ್ಷಣದಲ್ಲಿ ನಾವೆಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂತಾಗಿತ್ತು. ತಬಲಾವನ್ನು ಕಪ್ಪು ಒಂದಕ್ಕೆ ಕೂಡಿಸಿದರೆ ಗಾಯಕರಿಗೆ ಅದು ಷಡ್ಜ, ಗಾಯಕಿಗೆ ಮಧ್ಯಮ. ಪಂಚಮವೇ ಪ್ರಧಾನವಾಗಿ ಮಧ್ಯಮ ಹೊಂದದ ಹಾಡುಗಳಿಗೆ ಕಪ್ಪು ನಾಲ್ಕರ ಇನ್ನೊಂದು ತಬಲಾ ಜೊತೆಗಿರಲಿ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದರಿಂದ ಸುತ್ತಿಗೆಯನ್ನು ವೇದಿಕೆಗೆ ಒಯ್ಯಲು ಮರೆಯಬಾರದು.

ಕೊಳಲಿನ ಶ್ರುತಿ ಇದಕ್ಕೆ ವಿರುದ್ಧವಾಗಿ, ಬಿಸಿಯಾದಂತೆ ಏರುತ್ತದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒಂದು ಪಟ್ಟಿಗೂ ಪಕ್ಕದ ಪಟ್ಟಿಗೂ ಇರುವ ಅಂತರದ ಕಾಲು ಭಾಗಕ್ಕಿಂತ ಹೆಚ್ಚು ಶ್ರುತಿ ಏರುತ್ತದೆ, ಇದು ಯಾವ ಕಿವಿಗೂ ತಿಳಿಯುವ ವ್ಯತ್ಯಾಸ. ಆದ್ದರಿಂದ ಐದಾರು ನಿಮಿಷ ಊದಿ ಕೊಳಲು ಬೆಚ್ಚಗಾದ ಬಳಿಕವೇ ಶ್ರುತಿ ನೋಡಿಕೊಳ್ಳಿ. ಉಳಿದ ಅಲ್ಪ ವ್ಯತ್ಯಾಸವನ್ನು ಊದುವ ಕೋನದಿಂದ ಸರಿಪಡಿಸಿಕೊಳ್ಳುವುದನ್ನು ನಿಮ್ಮ ಗುರುಗಳು ತೋರಿಸಿಕೊಡುತ್ತಾರೆ.

ಪ್ರಶ್ನೆ: ಶಿವಮೊಗ್ಗದ ನಮ್ಮ ತಂಡದಲ್ಲಿ ಎಲ್ಲರೂ ತಮ್ಮ ತಮ್ಮ ಭಾಗವನ್ನು ಚೆನ್ನಾಗಿ ಕಲಿತಿದ್ದಾರೆ. ಆದರೂ ಒಟ್ಟಿಗೆ ನುಡಿಸಿದಾಗ ಹಾಡು ಓಡುತ್ತದೆ. ತಬಲಾ ವಾದಕರು ಗಾಯಕರನ್ನು ದೂರುತ್ತಾರೆ, ಗಾಯಕರು ತಬಲಾವನ್ನು ದೂರುತ್ತಾರೆ. ತಪ್ಪು ಯಾರದು?

ಉತ್ತರ: ಬಹುಶಃ ಇಬ್ಬರದೂ ಅಲ್ಲ, ಪಲ್ಲವಿಗೂ ಚರಣಕ್ಕೂ ನಡುವೆ ಬರುವ ವಾದ್ಯಗಳ ತುಣುಕಿನಲ್ಲಿ ಹುಡುಕಿ. ಹವ್ಯಾಸಿಗಳು ಬೆರಳಿಗೆ ಕಷ್ಟವಾದ ಸಾಲನ್ನು ಬೇಗ ಮುಗಿಸಿಬಿಡುವ ಆತುರದಲ್ಲಿ ಓಡುತ್ತಾರೆ, ಆ ಓಟವನ್ನೇ ಮುಂದಿನ ಚರಣಕ್ಕೆ ಗಾಯಕರು ಹಿಡಿದುಕೊಳ್ಳುತ್ತಾರೆ. ಇಡೀ ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಮೊದಲ ಪಲ್ಲವಿ, ಪ್ರತಿಯೊಂದು ಚರಣದ ಆರಂಭ ಮತ್ತು ಕೊನೆಯ ಪಲ್ಲವಿಗಳ ವೇಗವನ್ನು ಒಂದೇ ಲಯದಲ್ಲಿ ಪೆಟ್ಟು ಹಾಕುವ ಮೆಟ್ರೋನೋಮಿನೊಂದಿಗೆ ಹೋಲಿಸಿದರೆ, ಓಟ ಯಾವ ಸಾಲಿನಿಂದ ಶುರುವಾಯಿತು ಎಂಬುದು ಜಗಳವಿಲ್ಲದೆ ಗೊತ್ತಾಗುತ್ತದೆ.

ಆ ಸಾಲನ್ನು ನುಡಿಸುವವರು ಮನೆಯಲ್ಲಿ ಅದನ್ನು ನಿಧಾನವಾಗಿ ಅಭ್ಯಾಸ ಮಾಡಲಿ. ತಂಡದ ಅಭ್ಯಾಸದಲ್ಲಿ ವಾದ್ಯಗಳನ್ನೆಲ್ಲ ಬದಿಗಿಟ್ಟು, ತಬಲಾದ ಠೇಕಾ (ತಾಳದ ಮೂಲ ನುಡಿ) ಒಂದನ್ನೇ ಇಟ್ಟುಕೊಂಡು, ಎಲ್ಲರೂ ಕೈಯಲ್ಲಿ ತಾಳ ಹಾಕುತ್ತ ಹಾಡನ್ನು ಬಾಯಲ್ಲಿ ಹಾಡಲಿ. ಕೊಳಲಿನವರು ಕೊಳಲಿನ ಸಾಲನ್ನೂ ಹಾಡಬೇಕು. ದನಿ ಚೆನ್ನಾಗಿಲ್ಲ ಎಂದು ನಾಚಿಕೊಳ್ಳುವುದು ಬೇಡ. ಇದು ಹದಕ್ಕೆ ಬಂದ ಮೇಲೆ ಮೆಟ್ರೋನೋಮನ್ನು ಪ್ರತಿ ಮಾತ್ರೆಗೆ ಇಡದೆ ಕಹರವಾ ತಾಳದ ಎಂಟು ಮಾತ್ರೆಗಳಿಗೆ ಒಂದೇ ಪೆಟ್ಟು ಬೀಳುವಂತೆ ಇಡಿ. ನಡುವಿನ ಏಳು ಮಾತ್ರೆಗಳನ್ನು ತಂಡ ತಾನೇ ಹೊತ್ತು ಮತ್ತೆ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದು ಸೇರಬೇಕಾಗುತ್ತದೆ. ಮೊದಲ ವಾರ ಯಾರೂ ಸೇರುವುದಿಲ್ಲ.

ವೇದಿಕೆಯಲ್ಲಿ ಎಲ್ಲರಿಗೂ ತಬಲಾ ವಾದಕರ ಕೈ ಕಾಣುವಂತೆ ಅರ್ಧವೃತ್ತವಾಗಿ, ಹತ್ತಿರ ಹತ್ತಿರ ಕುಳಿತುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಮಾತ್ರ ಸಾಗುವುದರಿಂದ, 17 ಮೀಟರ್ ದೂರದ ಹಿಂಗೋಡೆಗೆ ತಾಗಿ ಮರಳುವ ನಿಮ್ಮದೇ ಸದ್ದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಿ ಕಿವಿಗೆ ಬೀಳುತ್ತದೆ. ಅದನ್ನು ನಂಬಿ ನುಡಿಸುವವರೂ, ಸಭಿಕರ ಚಪ್ಪಾಳೆಯನ್ನು ತಾಳವೆಂದು ಹಿಡಿಯುವವರೂ ದಾರಿ ತಪ್ಪುತ್ತಾರೆ. ಆಯೋಜಕರ ಬಳಿ ಬೇರೇನನ್ನು ಕೇಳದಿದ್ದರೂ ವಾದಕರ ಕಡೆಗೆ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಕೇಳಿ, ಅದರಲ್ಲಿ ಗಾಯನವೂ ತಬಲಾವೂ ಇರಲಿ.

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯ ಸಂಘವು ರಾಜ್ಯೋತ್ಸವದಂದು ಪ್ರಸಿದ್ಧ ಭಾವಗೀತೆಗಳನ್ನೂ ಚಿತ್ರಗೀತೆಗಳನ್ನೂ ಹಾಡಲಿದೆ. ಪ್ರವೇಶ ಉಚಿತ. ಹಕ್ಕುಸ್ವಾಮ್ಯದ ಅನುಮತಿ ಬೇಕೇ?

ಉತ್ತರ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ನಿಮ್ಮಂಥವರಿಗಾಗಿಯೇ ಒಂದು ವಿನಾಯಿತಿ ಇದೆ: ಹವ್ಯಾಸಿ ಸಂಘವೊಂದು ಹಣ ಕೊಡದ ಸಭಿಕರ ಮುಂದೆ ಅಥವಾ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಸಂಗೀತ ಕೃತಿಯನ್ನು ಪ್ರದರ್ಶಿಸಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಲ್ಲದೆ ಟಿಕೆಟ್ ಇಟ್ಟರೆ ಈ ರಕ್ಷಣೆ ನಿಮಗಿಲ್ಲ. ಹೋಟೆಲೊಂದು ತನ್ನ ಗಿರಾಕಿಗಳಿಗಾಗಿ ನಿಮ್ಮನ್ನು ಕರೆಸಿದರೆ ಅವರು ಐಪಿಆರ್‌ಎಸ್ (ಹಾಡುಗಳ ಹಕ್ಕುದಾರರ ಪರವಾಗಿ ಅನುಮತಿ ಕೊಡುವ) ಸಂಸ್ಥೆಯ ಪರವಾನಗಿ ಪಡೆದಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ಎದುರಿಗೆ ಕುಳಿತವರಿಗೆ ಹಾಡಿದ್ದಕ್ಕೆ ಇರುವ ಈ ವಿನಾಯಿತಿ, ಅದೇ ಕಾರ್ಯಕ್ರಮವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಕವಿಯ ಹಕ್ಕು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ದ.ರಾ. ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಪುರಂದರದಾಸರ ಪದಗಳಿಗೆ ಯಾರ ಅಪ್ಪಣೆಯೂ ಬೇಡ, ಆದರೆ ಈ ಕಾಲದ ಸಂಯೋಜಕರು ಅವುಗಳಿಗೆ ಹಾಕಿದ ಹೊಸ ಮಟ್ಟು ಅವರ ಸ್ವತ್ತು.

ಪ್ರಶ್ನೆ: ನಿವೃತ್ತನಾದ ಮೇಲೆ ಉಡುಪಿಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಕಲಿಯಲು ತೊಡಗಿದ್ದೇನೆ. ಮೊಮ್ಮಗಳ ಕೀಬೋರ್ಡ್ ಪುಸ್ತಕವನ್ನೇ ಎದುರಿಗಿಟ್ಟುಕೊಂಡು ಇಬ್ಬರೂ ನುಡಿಸಿದರೆ ಸ್ವರಗಳು ಕೂಡುವುದೇ ಇಲ್ಲ. ವಾದ್ಯ ಕೆಟ್ಟಿದೆಯೇ?

ಉತ್ತರ: ವಾದ್ಯ ಸರಿಯಾಗಿಯೇ ಇದೆ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ನೀವು ಸಿ ಎಂದು ಬೆರಳಿಟ್ಟರೆ ಹೊರಡುವುದು ಕೀಬೋರ್ಡಿನ ಕಪ್ಪು ಎರಡು. ಆಲ್ಟೊ, ಟೆನರ್ ಮುಂತಾದ ಬೇರೆ ಬೇರೆ ಗಾತ್ರದ ಸ್ಯಾಕ್ಸೊಫೋನುಗಳನ್ನು ಒಬ್ಬನೇ ವಾದಕ ಒಂದೇ ಬೆರಳಿನ ಕ್ರಮದಲ್ಲಿ ನುಡಿಸಲು ಅನುಕೂಲವಾಗಲೆಂದು ಮಾಡಿಕೊಂಡ ಬರವಣಿಗೆಯ ಪದ್ಧತಿ ಇದು. ನಿಮ್ಮ ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ನುಡಿಸುವವರಿಗೆ ಈ ತೊಡಕು ಇಲ್ಲ, ಏಕೆಂದರೆ ಅವರು ಸಿ, ಡಿ ಎಂದು ಓದದೆ ಒಂದು ಸ್ವರವನ್ನು ಷಡ್ಜವೆಂದು ಹಿಡಿದು ಅಲ್ಲಿಂದ ನಡೆಯುತ್ತಾರೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ಬ್ಯಾಂಡಿನ ಈ ವಾದ್ಯದಲ್ಲಿ ಗಮಕಗಳನ್ನು ಹೊರಡಿಸಿದ ಕದ್ರಿ ಗೋಪಾಲನಾಥರು ತೋರಿಸಿದ ದಾರಿ ಅದು.

ನಿಮಗೆ ಎರಡು ಉಪಾಯಗಳಿವೆ. ಪುಸ್ತಕದಲ್ಲಿ ಸಿ ಇದ್ದಲ್ಲಿ ನೀವು ಎ ನುಡಿಸಿ, ಉಳಿದ ಸ್ವರಗಳನ್ನೂ ಅದೇ ಲೆಕ್ಕದಲ್ಲಿ ಬದಲಿಸಿಕೊಳ್ಳಬಹುದು; ಒಂದು ಹಾಡನ್ನು ಹೀಗೆ ಬರೆದುಕೊಳ್ಳಲು ಒಂದು ಸಂಜೆ ಸಾಕು. ಅದು ಬೇಸರವೆನಿಸಿದರೆ ಕೀಬೋರ್ಡಿನ ಟ್ರಾನ್ಸ್‌ಪೋಸನ್ನು ಮೂರಕ್ಕೆ ಏರಿಸಲು ಮೊಮ್ಮಗಳಿಗೆ ಹೇಳಿ. ಇಬ್ಬರೂ ಒಂದೇ ಪುಟ ನೋಡಿ ನುಡಿಸಬಹುದು, ಆ ಗುಂಡಿ ಎಲ್ಲಿದೆ ಎಂದು ಅವಳಿಗೆ ಈಗಾಗಲೇ ಗೊತ್ತಿರುತ್ತದೆ.