ಹುಡುಗ ಓಡುತ್ತಲೇ ಇದ್ದಾನೆ, ಹೌದು

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಕಳೆದ ಸಂಚಿಕೆಯ ಇರಾನ್ ಸಿನಿಮಾ ಲೇಖನ ಓದಿ, ಅದರಲ್ಲಿದ್ದ ಅಬ್ಬಾಸ್ ಕಿಯರೊಸ್ತಾಮಿಯ 1987ರ ಚಿತ್ರವನ್ನು ಹುಡುಕಿ ನೋಡಿದ್ದೀರಿ. ಗೆಳೆಯನ ಮನೆ ಹುಡುಕಿಕೊಂಡು ಹೋಗುವ ಹುಡುಗನ ಕಥೆ. ಅರ್ಧಕ್ಕೆ ನಿಲ್ಲಿಸಿದಿರಂತೆ. "ಏನೂ ನಡೆಯುವುದೇ ಇಲ್ಲ, ಹುಡುಗ ಓಡುತ್ತಲೇ ಇದ್ದಾನೆ. ಇಂಥವನ್ನೆಲ್ಲ ಪ್ರಶಸ್ತಿಗಾಗಿಯೇ ಮಾಡುವುದು ಅಲ್ವಾ?" ಅಂತ ಕೇಳಿದ್ದೀರಿ. ಮೊಬೈಲಿನಲ್ಲಿ ಕಿರುಚಿತ್ರ ಮಾಡಲು ಹೊರಟ ನಿಮ್ಮ ಸೋದರಳಿಯನಿಗೆ ಬುದ್ಧಿ ಹೇಳಿ ಅಂತಲೂ ಬರೆದಿದ್ದೀರಿ.

ಮೊದಲು ಆ ಹುಡುಗನ ಓಟ. ಪಕ್ಕದಲ್ಲಿ ಕೂರುವವನ ನೋಟ್‌ಪುಸ್ತಕ ತಪ್ಪಿ ಅವನ ಚೀಲಕ್ಕೆ ಬಂದಿದೆ. ಇನ್ನೊಮ್ಮೆ ನೋಟ್‌ಪುಸ್ತಕದಲ್ಲಿ ಬರೆಯದೆ ಬಂದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಆ ಗೆಳೆಯನಿಗೆ ಹೇಳಿದ್ದಾರೆ. ಅದು ಇವತ್ತೇ ತಲುಪಬೇಕು. ಮನೆಯಲ್ಲಿ ಅಮ್ಮನಿಗೆ ಹೇಳುತ್ತಾನೆ, ಮತ್ತೆ ಹೇಳುತ್ತಾನೆ, ಅವಳು ಕೆಲಸದ ಮೇಲೆ ಕೆಲಸ ಹೇಳುತ್ತಾ ಹೋಗುತ್ತಾಳೆಯೇ ಹೊರತು ಅವನ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಜ್ಜ ಅವನನ್ನು ತಡೆದು, ಮನೆಗೆ ಹೋಗಿ ಸಿಗರೇಟು ತಾ ಅನ್ನುತ್ತಾನೆ. ಅಜ್ಜನ ಹತ್ತಿರ ಸಿಗರೇಟು ಇದೆ! ಹುಡುಗ ಹೇಳಿದ್ದು ಕೇಳುವುದನ್ನು ಕಲಿಯಬೇಕು ಅಂತ ಕಳಿಸಿದ್ದು. ತಾನು ಚಿಕ್ಕವನಿದ್ದಾಗ ಅಪ್ಪ ಕಾಸು ಕೊಡಲು ಮರೆತರೂ ಹೊಡೆಯಲು ಮರೆಯುತ್ತಿರಲಿಲ್ಲ ಅಂತ ಪಕ್ಕದವನಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಅಷ್ಟು ಹೊತ್ತೂ ಹುಡುಗನಿಗೆ ತಡವಾಗುತ್ತಿದೆ. ಏನೂ ನಡೆಯುತ್ತಿಲ್ಲ ಅಂತ ಹೇಗೆ ಹೇಳುವುದು? ದೊಡ್ಡವರು ಮಕ್ಕಳ ಮಾತು ಹೇಗೆ ಕೇಳಿಸಿಕೊಳ್ಳುವುದಿಲ್ಲ ಅನ್ನುವುದನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಮತ್ತೆ, ತಾಳ್ಮೆ ಇಲ್ಲ ಅಂತ ಕುಂಬಳೆ ಸೀಮೆಯವರು ಹೇಳಬಾರದು ಮಾರಾಯ್ರೇ. ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತಿನಲ್ಲೇ ನಡೆಯುವ ವಾಲಿವಧೆಯ ತಾಳಮದ್ದಳೆಗೆ ಹೋಗಿ ಕೂತವರಲ್ವಾ ನಾವು? ಬಾಣ ತಾಗಿ ಆಗಿದೆ. ವಾಲಿ ಏಳುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆಮೇಲೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ರಾಮನನ್ನು ಪ್ರಶ್ನೆ ಕೇಳುತ್ತಾ ಹೋದರೆ ಯಾರಾದರೂ ಎದ್ದು ಹೋಗುತ್ತಿದ್ದರಾ? ಮುಂದೇನು ಅನ್ನುವ ಕುತೂಹಲಕ್ಕೆ ಅಲ್ಲ ಕೂತದ್ದು, ಆ ಹೊತ್ತಿನಲ್ಲಿ ಆ ಮನುಷ್ಯನ ಒಳಗೆ ಏನಾಗುತ್ತಿದೆ ಅಂತ ತಿಳಿಯಲಿಕ್ಕೆ. ಕಿಯರೊಸ್ತಾಮಿಗೂ ಅಷ್ಟೇ ತಾಳ್ಮೆ ಕೊಟ್ಟು ನೋಡಿ. ಸಬ್‌ಟೈಟಲ್ ಓದುವಾಗ ಮುಖ ತಪ್ಪಿಹೋಗುತ್ತದೆ ಅಂತ ಬರೆದಿದ್ದೀರಿ, ಅದು ನಿಜ. ಯಕ್ಷಗಾನ ಪ್ರಸಂಗದ ಹಾಗೆ ಕಥೆಯನ್ನು ಮೊದಲೇ ತಿಳಿದುಕೊಂಡು ಕೂತರೆ ಕಣ್ಣು ಮುಖದ ಮೇಲೆ ನಿಲ್ಲುತ್ತದೆ.

ಪ್ರಶಸ್ತಿಗಾಗಿ ಅನ್ನುವ ಮಾತು ಮಾತ್ರ ನಾನು ಒಪ್ಪುವುದಿಲ್ಲ. 1970ರ 'ಸಂಸ್ಕಾರ'ವನ್ನು ಸೆನ್ಸಾರ್ ಮೊದಲು ತಡೆಯಿತು, ರಾಷ್ಟ್ರಪ್ರಶಸ್ತಿ ಬಂದದ್ದು ಆಮೇಲೆ. ನಮ್ಮ ಕೇರಳದಲ್ಲೇ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಅನ್ನುವ ಗುಂಪಿನ ಅವರ ಗೆಳೆಯರು ಜನರಿಂದಲೇ ಹಣ ಕೂಡಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮಾಡಿದರು. ಪ್ರಶಸ್ತಿ ಮೇಲೆ ಕಣ್ಣಿಟ್ಟವರು ಇಷ್ಟು ಕಷ್ಟಪಡುವುದಿಲ್ಲ. ಕನ್ನಡದ 'ತಿಥಿ'ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು ಸರಿ, ಆದರೆ ಅದರಲ್ಲಿ ಇರುವವರು ಮಂಡ್ಯದ ಕಡೆಯ ಹಳ್ಳಿಯವರು, ಆಡುವುದು ಅಲ್ಲಿಯ ಮಾತು. ಸ್ವಿಟ್ಜರ್ಲೆಂಡಿನವರನ್ನು ಮೆಚ್ಚಿಸಬೇಕು ಅಂತ ಆ ಮಾತನ್ನು ಯಾರೂ ತಿದ್ದಲಿಲ್ಲ.

ಇರಾನ್ ದೂರವಾಯಿತು ಅನಿಸಿದರೆ ನಮ್ಮ ಜಿಲ್ಲೆಯದೇ ಆದ ಕಾಞಂಗಾಡಿನಿಂದ ಶುರು ಮಾಡಿ. ಸೆನ್ನ ಹೆಗ್ಡೆಯವರ 'ತಿಂಗಳಾಳ್ಚ ನಿಶ್ಚಯಂ' 2021ರದ್ದು, ಅತ್ಯುತ್ತಮ ಮಲಯಾಳಂ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆದದ್ದು. ಮನೆಯಲ್ಲಿ ಮಗಳ ನಿಶ್ಚಿತಾರ್ಥದ ತಯಾರಿ, ಮಗಳಿಗೆ ಆ ಹುಡುಗ ಬೇಡ, ಅಪ್ಪನಿಗೆ ತನ್ನ ಮಾತೇ ನಡೆಯಬೇಕು. ಪೇಟೆಯಲ್ಲಿ ನಮ್ಮ ಕಿವಿಗೆ ದಿನಾ ಬೀಳುವ ಕಾಸರಗೋಡಿನ ಮಲಯಾಳವೇ ಅದರಲ್ಲಿ ಇರುವುದು, ತಿರುವನಂತಪುರದ್ದಲ್ಲ. ಇದೇ ನಿರ್ದೇಶಕರು 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದ್ದರು. ಅದೇ ವರ್ಷ ರಿಷಬ್ ಶೆಟ್ಟಿಯವರ ಕಾಸರಗೋಡು ಶಾಲೆಯ ಚಿತ್ರವೂ ಬಂತು, ನಮ್ಮ ಕನ್ನಡ ಶಾಲೆಗಳ ಕಷ್ಟ ಕರ್ನಾಟಕದ ಮನೆಮನೆಗೆ ಗೊತ್ತಾಯಿತು. ನನಗೆ ಅದರಿಂದ ಸಂತೋಷವೇ. ಆದರೂ ಒಂದು ಆಸೆ ಉಳಿದಿದೆ. ಶಾಲೆ, ಹೋರಾಟ ಏನೂ ಇಲ್ಲದೆ, ಸುಮ್ನೆ ಇಲ್ಲಿಯ ಒಂದು ಮನೆಯ ಒಂದು ದಿನ ಕನ್ನಡದ ಪರದೆಯ ಮೇಲೆ ಬರಬೇಕು.

ಅದಕ್ಕೇ ನಿಮ್ಮ ಸೋದರಳಿಯನನ್ನು ತಡೆಯಬೇಡಿ. ಅಮೆರಿಕದ ನಿರ್ದೇಶಕ ಶಾನ್ ಬೇಕರ್ ತಮ್ಮ 2015ರ ಒಂದು ಪೂರ್ಣ ಚಿತ್ರವನ್ನು ಐಫೋನಿನಲ್ಲೇ ತೆಗೆದವರು, 2024ರಲ್ಲಿ ಅವರ ಇನ್ನೊಂದು ಚಿತ್ರ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿಯಾದ ಪಾಮ್ ಡೋರ್ ಗೆದ್ದಿತು. ಮೊಬೈಲಿನಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ, ಕೈಕೊಡುವುದು ಧ್ವನಿ. ದುಡ್ಡಿದ್ದರೆ ಮೊದಲು ಒಂದು ಒಳ್ಳೆಯ ಮೈಕ್ ತೆಗೆದುಕೊಳ್ಳಲಿ, ಡ್ರೋನ್ ಎಲ್ಲ ಈಗ ಬೇಡ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಮಾತಿನ ದೃಶ್ಯ ಇಟ್ಟುಕೊಳ್ಳುವುದು ಬೇಡ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಅಂತ ಇದ್ದರೆ ಹಾಗೆಯೇ ಇರಲಿ, ಬೆಂಗಳೂರಿನವರಿಗೆ ಅರ್ಥವಾಗಲಿ ಅಂತ ಎಲ್ಲರ ಬಾಯಲ್ಲೂ ಒಂದೇ ಕನ್ನಡ ಹಾಕುವುದು ಬೇಡ, ಅರ್ಥವಾಗದವರು ಸಬ್‌ಟೈಟಲ್ ಓದಿಕೊಳ್ಳಲಿ. ಚಿತ್ರ ಮುಗಿದಾಗ ತಿಳಿಸಿ, ಬದಿಯಡ್ಕಕ್ಕೆ ಬಂದು ನೋಡುತ್ತೇವೆ, ಮುಂದಿನ ಸಂಚಿಕೆಯಲ್ಲಿ ಅದರ ಬಗ್ಗೆ ಬರೆಯುತ್ತೇವೆ.

— ಸಂಪಾದಕ