ಹಳೇ ಪ್ರೊಜೆಕ್ಷನ್ ಟಿವಿ ತಗೋಬಹುದಾ?

ಪ್ರಶ್ನೆ: ಬೆಂಗ್ಳೂರಲ್ಲಿರೋ ನಮ್ಮ ಭಾವ ಅವ್ರ ಹಳೇ 60 ಇಂಚಿನ ಡಿಎಲ್‌ಪಿ ಪ್ರೊಜೆಕ್ಷನ್ ಟಿವಿ ಕಮ್ಮಿ ರೇಟಿಗೆ ಕೊಡ್ತೀನಿ ಅಂತಿದಾರೆ, ಚಿತ್ರ ಸ್ವಲ್ಪ ಮಂಕು, ಅಲ್ಲಲ್ಲಿ ಬಿಳೀ ಚುಕ್ಕಿನೂ ಇದೆ. ತರಬಹುದಾ ಸಾರ್?
– ಓದುಗರೊಬ್ರು, ತೀರ್ಥಹಳ್ಳಿ

ಉತ್ತರ: ಡಿಎಲ್‌ಪಿ ಪ್ರೊಜೆಕ್ಷನ್ ಟಿವಿ ಅಂದ್ರೆ ಒಳಗಿರೋ ಲ್ಯಾಂಪಿನ ಬೆಳಕನ್ನ ಒಂದು ಚಿಪ್ ಮೂಲಕ ಪರದೆಗೆ ಬಿಟ್ಟು ಚಿತ್ರ ಮೂಡಿಸೋ ಟಿವಿ. ಬರೀ ಮಂಕಾಗಿದ್ರೆ ತನ್ನಿ ಅಂತಿದ್ದೆ, ಅದು ಹೆಚ್ಚಾಗಿ ಲ್ಯಾಂಪ್ ಹಳೇದಾಗಿರೋದು, ಹೊಸದು ಹಾಕಿದ್ರೆ ಸರಿಹೋಗುತ್ತೆ. ಬಿಳೀ ಚುಕ್ಕಿ ಹಾಗಲ್ಲ. ಒಳಗಿನ ಚಿಪ್ ಮೇಲೆ ಲಕ್ಷಗಟ್ಲೆ ಪುಟಾಣಿ ಕನ್ನಡಿ ಇರ್ತಾವೆ, ಒಂದೊಂದೂ ಆಕಡೆ ಈಕಡೆ ವಾಲಿ ಬೆಳಕನ್ನ ಪರದೆಗೆ ಬಿಡೋದು ತಡೆಯೋದು ಮಾಡ್ತಾವೆ, ಅದ್ರಲ್ಲಿ ಕೆಲವು ಸಿಕ್ಕಾಕೊಂಡ್ರೆ ಆ ಜಾಗ ಯಾವಾಗ್ಲೂ ಬೆಳ್ಳಗೇ. ನಮ್ಮನೇ ಸೆಟ್ಟಲ್ಲಿ ಮೊದ್ಲು ಮೂಲೇಲಿ ಒಂದೆರಡಿತ್ತು, ಆಮೇಲಾಮೇಲೆ ಕ್ರಿಕೆಟ್ ಹಾಕಿದ್ರೆ ಚೆಂಡು ಯಾವ್ದು ಚುಕ್ಕಿ ಯಾವ್ದು ಗೊತ್ತಾಗ್ತಿರ್ಲಿಲ್ಲ. ಚಿಪ್ಪೇ ಬದಲಾಯಿಸ್ಬೇಕು. ಕೊನೇವರೆಗೂ ಇಂಥ ಟಿವಿ ಮಾಡ್ತಿದ್ದ ಮಿತ್ಸುಬಿಶಿನೂ 2012ರಲ್ಲಿ ನಿಲ್ಲಿಸ್ತು, ಹಾಗಾಗಿ ಪಾರ್ಟ್ಸ್ ಹುಡುಕೋದು ಕಷ್ಟ.

ನಮ್ಮ ಮಲೆನಾಡಲ್ಲಿ ಕರೆಂಟಿಂದು ಬೇರೆ. ಟಿವಿ ಆಫ್ ಮಾಡಿದ್ಮೇಲೂ ಅದರೊಳಗಿನ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ಲ್ಯಾಂಪ್ ತಣ್ಣಗಾಗ್ಬೇಕು, ಗಾಳಿಮಳೆಗೆ ತಟ್ಟಂತ ಕರೆಂಟ್ ಹೋದ್ರೆ ಫ್ಯಾನೂ ನಿಲ್ಲುತ್ತೆ, ಕಾದ ಲ್ಯಾಂಪಿಗೆ ಅದು ಒಳ್ಳೇದಲ್ಲ. ಯುಪಿಎಸ್ ಇಲ್ದೆ ಇಡ್ಲೇಬೇಡಿ. ದುಡ್ಡು ಕೊಟ್ಟಂತೂ ತಗೋಬೇಡಿ, ಭಾವ ಸುಮ್ನೆ ಕೊಟ್ರೂ ಮೊದ್ಲು ಪೂರ್ತಿ ಕಪ್ಪು ಚಿತ್ರ ಹಾಕಿಸಿ ಚುಕ್ಕಿ ಎಷ್ಟಿದೆ ನೋಡ್ಕೊಂಡೇ ಗಾಡಿ ಹತ್ತಿಸಿ.