ಹಳೆಯ ಕಾವ್ಯ, ಶಾಸನಗಳೊಡನೆ ಆಟವಾಡುತ್ತ ಓದುವುದು ತಪ್ಪೇ?

ಪಿಯುಸಿ ಓದುತ್ತಿರುವ ನೀವು ಗೆಳೆಯರಿಗೆ ಹಳಗನ್ನಡದಲ್ಲಿ ಸಂದೇಶ ಕಳುಹಿಸುವುದನ್ನೂ, ಕ್ಯಾಂಟೀನಿನ ತಿಂಡಿಯ ಮೇಲೆ ಷಟ್ಪದಿ ಕಟ್ಟುವುದನ್ನೂ, ಕಾಲೇಜಿನ ಕಬಡ್ಡಿ ಪಂದ್ಯದ ವರದಿಯನ್ನು ವೀರಗಲ್ಲಿನ ಧಾಟಿಯಲ್ಲಿ ಬರೆಯುವುದನ್ನೂ ಕಂಡ ಹಿರಿಯರೊಬ್ಬರು ಚರಿತ್ರೆ, ಕಾವ್ಯಗಳು ಆಟದ ವಸ್ತುಗಳಲ್ಲವೆಂದು ಹೇಳಿದ್ದಾರೆ. ಆದ್ದರಿಂದ ಇದನ್ನೆಲ್ಲ ಬಿಟ್ಟು ಗಂಭೀರವಾಗಿ ಓದಬೇಕೇ ಎಂದು ನೀವು ಕೇಳಿದ್ದೀರಿ. ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ, ಮತ್ತು ನಮ್ಮ ಹಾಸ್ಟೆಲಿನಲ್ಲಿ ಇದೇ ಬಗೆಯ ಆಟ ಇಂದಿಗೂ ನಡೆಯುತ್ತಿದೆ. ಆಟವನ್ನು ಬಿಡಬೇಕಾಗಿಲ್ಲ, ಅದರ ನಿಯಮಗಳನ್ನು ಮಾತ್ರ ಇನ್ನಷ್ಟು ಬಿಗಿಗೊಳಿಸಿಕೊಳ್ಳಬೇಕು ಎಂಬುದು ನನ್ನ ಉತ್ತರ.

ಹಳೆಯ ಕವಿಗಳು ಸದಾ ಮುಖ ಬಿಗಿದುಕೊಂಡಿದ್ದರೆಂಬ ಕಲ್ಪನೆಯೇ ಸರಿಯಲ್ಲ. ಐಹೊಳೆಯ ಮೇಗುತಿ ಜಿನಾಲಯದಲ್ಲಿ ಕ್ರಿ.ಶ. 634ರ ಶಾಸನವನ್ನು ರಚಿಸಿದ ರವಿಕೀರ್ತಿಯು, ಇಮ್ಮಡಿ ಪುಲಕೇಶಿಯ ಎದುರು ಹರ್ಷನು ಹರ್ಷವನ್ನೇ ಕಳೆದುಕೊಂಡನೆಂದು ಒಬ್ಬ ಚಕ್ರವರ್ತಿಯ ಹೆಸರಿನ ಮೇಲೆಯೇ ಶ್ಲೇಷೆ ಮಾಡಿದ್ದಾನೆ. ಕೊನೆಗೆ ತಾನು ಕಾಳಿದಾಸ, ಭಾರವಿಗಳಿಗೆ ಸಮನಾದ ಕೀರ್ತಿಯುಳ್ಳವನೆಂದು ಹೇಳಿಕೊಂಡಿದ್ದಾನೆ. ಆ ಭಾರವಿಯಾದರೋ ತನ್ನ ಕಾವ್ಯದ ಹದಿನೈದನೆಯ ಸರ್ಗದಲ್ಲಿ ಬಹುತೇಕ ನಕಾರವೊಂದರಿಂದಲೇ ಶ್ಲೋಕ ಕಟ್ಟಿದವನು. ನಮ್ಮ ರನ್ನನು, ಆದಿಶೇಷನ ಹೆಡೆಯ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸಲು ಹೊರಡುವವನಿಗೆ ಎಂಟೆದೆ ಇದೆಯೇ ಎಂದು ಓದುಗನಿಗೇ ಸವಾಲು ಹಾಕಿದ್ದಾನೆ. ಇಂಥವರ ಬರವಣಿಗೆಯನ್ನು ನಗದೆ ಓದಿದರೆ ಅರ್ಧದಷ್ಟು ಕೈತಪ್ಪಿಹೋಗುತ್ತದೆ.

ನಿಯಮ ಬಿಗಿಗೊಳಿಸುವುದೆಂದರೇನೆಂಬುದಕ್ಕೆ ನಿಮ್ಮ ಕ್ಯಾಂಟೀನ್ ಷಟ್ಪದಿಯನ್ನೇ ತೆಗೆದುಕೊಳ್ಳೋಣ. ಕುಮಾರವ್ಯಾಸನು ತನ್ನ ಭಾರತಕ್ಕೆ ಆರಿಸಿಕೊಂಡ ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕರ ನಡೆಯಲ್ಲಿ 14 ಮಾತ್ರೆಗಳಿರಬೇಕು (ಮಾತ್ರೆಯೆಂದರೆ ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆ), 3 ಮತ್ತು 6ನೆಯ ಸಾಲುಗಳಲ್ಲಿ 23 ಇರಬೇಕು, ಒಟ್ಟು 102. ಆರು ಸಾಲಿಗೂ ಆದಿಪ್ರಾಸ ಬೇಕು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಇದನ್ನು ಪಾಲಿಸಲು ಕುಳಿತರೆ, ಉಪ್ಪಿಟ್ಟನ್ನು ಸಾಲಿನ ಆರಂಭದಲ್ಲಿ ಕೂರಿಸಲು ಸಾಧ್ಯವೇ ಇಲ್ಲವೆಂದು ತಿಳಿಯುತ್ತದೆ. ಮೊದಲಿಗೇ ಎರಡು ಗುರುಗಳು, ಅಂದರೆ ಎರಡೆರಡು ಮಾತ್ರೆಯ ಅಕ್ಷರಗಳು ಬಂದು ಮೂರು ಮಾತ್ರೆಯ ಗಣ ಒಡೆದುಹೋಗುತ್ತದೆ. ಉಪ್ಪಿನಿಂದ ಆರಂಭಿಸಿದರೆ ಗಣ ಸರಿಹೊಂದುತ್ತದೆ, ಪ್ರಾಸಕ್ಕೆ ತುಪ್ಪ, ಸೊಪ್ಪು, ತಪ್ಪು, ಒಪ್ಪುಗಳೂ ಒದಗುತ್ತವೆ. ಹೀಗೆ ಒಂದು ಪದ್ಯಕ್ಕಾಗಿ ಒದ್ದಾಡಿದವರಿಗೆ, ಗದುಗಿನ ಕವಿಯು ಸಾವಿರಾರು ಪದ್ಯಗಳಲ್ಲಿ ಈ ಕಟ್ಟನ್ನು ಹೊತ್ತುಕೊಂಡೇ ಮಾತಿನಷ್ಟು ಸರಾಗವಾಗಿ ಹರಿದುದು ಎಂಥ ಸಾಧನೆಯೆಂಬುದು ಯಾವ ಟಿಪ್ಪಣಿಯ ನೆರವೂ ಇಲ್ಲದೆ ಅರಿವಾಗುತ್ತದೆ.

ನಿಮ್ಮ ವೀರಗಲ್ಲಿನ ಆಟದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಹೇಳಬೇಕಾಗಿದೆ, ಏಕೆಂದರೆ ನನ್ನನ್ನು ಇತಿಹಾಸದ ಕಡೆಗೆ ಎಳೆದುದು ಅಂಥದೇ ಒಂದು ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನವು ಒಂದು ನಾಯಿಯ ನೆನಪಿಗಾಗಿ ನಿಂತದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ, ತಕ್ಕೋಲದ ಕಾಳಗದಲ್ಲಿ ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಬೂತುಗನ ಆಳಾಗಿ ಹೋರಾಡಿದ ಮಣಲೆರನು, ಮೆಚ್ಚಿದ ಒಡೆಯನಲ್ಲಿ ಬೇಡಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ಒಂದು ದೊಡ್ಡ ಕಾಡುಹಂದಿಯೊಡನೆ ಕಾದಾಡಿ, ಎರಡೂ ಒಟ್ಟಿಗೆ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವನು, ಅಂದರೆ ಅಲ್ಲಿನ ಶೈವ ಪೂಜಾರಿಯು, ಉಣ್ಣಬಾರದೆಂದು ಕಟ್ಟಳೆ ಮಾಡಲಾಯಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕಲ್ಲಿನ ಮೇಲೆಯೇ ಇದೆ.

ಈ ಕಥೆಗೆ ಮನಸೋತು ಅಲ್ಲಿಗೇ ನಿಂತರೆ ಅದು ಕುತೂಹಲ ಮಾತ್ರ. ಶಾಸನವು ತನ್ನ ಕಾಲವನ್ನು ಶಕ ವರ್ಷ 872, ಸೌಮ್ಯ ಸಂವತ್ಸರ ಎಂದು ಹೇಳುತ್ತದೆ. ಶಕ ವರ್ಷಕ್ಕೆ 78 ಕೂಡಿಸಬೇಕೆಂಬ ರೂಢಿಯ ಲೆಕ್ಕದಂತೆ ಕ್ರಿ.ಶ. 950 ಬರುತ್ತದೆ. ಈಗ ಸಂವತ್ಸರವನ್ನು ಹಿಡಿದು ಎಣಿಸಿ ನೋಡಿ: 2029ರ ಯುಗಾದಿಗೆ ಸೌಮ್ಯ ಸಂವತ್ಸರ ಬರಲಿದೆ, ಅಲ್ಲಿಂದ ಅರವತ್ತರ 18 ಆವರ್ತಗಳಷ್ಟು ಹಿಂದಕ್ಕೆ ಹೋದರೆ ಸಿಗುವುದು 949ರ ಯುಗಾದಿ. ಒಂದು ವರ್ಷದ ಅಂತರವೇಕೆ? ಕೆಲವು ಶಾಸನಗಳಲ್ಲಿ ಕಳೆದ ವರ್ಷಗಳನ್ನು ಎಣಿಸಿದ್ದರೆ, ಇನ್ನು ಕೆಲವದರಲ್ಲಿ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸುತ್ತಿದ್ದರು; ಆತಕೂರಿನದು ಎರಡನೆಯ ಬಗೆಯದು. ಆದ್ದರಿಂದಲೇ ಪುಸ್ತಕಗಳಲ್ಲಿ ಅದರ ಕಾಲವನ್ನು 949–50 ಎಂದು ಕೊಡುತ್ತಾರೆ. ಪಂಚಾಂಗವೊಂದನ್ನು ಹಿಡಿದುಕೊಂಡು ಈ ಲೆಕ್ಕವನ್ನು ತಾವೇ ಮಾಡಿದವರು ಶಾಸನಗಳ ಕಾಲವನ್ನು ಕಂಠಪಾಠ ಮಾಡಬೇಕಾದ ಕಷ್ಟದಿಂದ ಪಾರಾಗುತ್ತಾರೆ.

ಇದೇ ಕಲ್ಲು ಕಾವ್ಯಕ್ಕೂ ಬಾಗಿಲು ತೆರೆಯುತ್ತದೆ. ರಾಜಾದಿತ್ಯನನ್ನು ಕೊಂದುದಕ್ಕೆ ಕೃಷ್ಣನು ಬೂತುಗನಿಗೆ ಮೆಚ್ಚಿ ಕೊಟ್ಟ ನಾಡುಗಳ ಪಟ್ಟಿಯಲ್ಲಿ ಬನವಾಸಿ 12000 ಇದೆ, ಪುಲಿಗೆರೆ 300 ಇದೆ (ಆ ಕಾಲದಲ್ಲಿ ನಾಡಿನ ಹೆಸರಿನೊಡನೆ ಇಂಥ ಸಂಖ್ಯೆಯನ್ನು ಸೇರಿಸಿ ಹೇಳುವ ರೂಢಿಯಿತ್ತು). ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನು ತನ್ನ ಭಾರತವನ್ನು ಬರೆದದ್ದು 941ರ ಸುಮಾರಿಗೆ. ಅಂಕುಶವಿಟ್ಟು ತಡೆದರೂ ತನ್ನ ಮನಸ್ಸು ನೆನೆಯುತ್ತದೆಂದು ಅವನು ಹಾಡಿದ್ದು ಇದೇ ಬನವಾಸಿಯನ್ನು. ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ, ಅಂದರೆ ಅಚ್ಚ ಕನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡದ್ದು ಇದೇ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು. ಕವಿಯು ಹಂಬಲಿಸಿದ ನಾಡು ಹತ್ತು ವರ್ಷಗಳೊಳಗೆ ಯುದ್ಧದ ಬಹುಮಾನವಾಗಿ ಕೈಸೇರಿದ ಸಂಗತಿಯನ್ನು ಒಂದು ನಾಯಿಯ ಸ್ಮಾರಕವು ತಿಳಿಸುತ್ತದೆ. ಪಠ್ಯಪುಸ್ತಕದಲ್ಲಿ ಪಂಪನು ಕನ್ನಡದ ಪಾಠದಲ್ಲಿಯೂ ತಕ್ಕೋಲವು ಇತಿಹಾಸದ ಪಾಠದಲ್ಲಿಯೂ ಬೇರೆಬೇರೆಯಾಗಿ ಬರುವುದರಿಂದ ಈ ನಂಟು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡರಲ್ಲಿಯೂ ಮನಸ್ಸಿಟ್ಟು ಆಡುವವರ ಕಣ್ಣಿಗೆ ಬೀಳುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಖಂಡಿತವಾಗಿ ಪಾಲಿಸಿರಿ. ನೀವು ಕಟ್ಟಿದ ವಿನೋದದ ಶಾಸನದಲ್ಲಿ ನಿಮ್ಮ ಹೆಸರೂ ಇಸವಿಯೂ ಸ್ಪಷ್ಟವಾಗಿರಲಿ, ನಿಜವಾದ ರಾಜರ ಹೆಸರನ್ನು ಬಳಸಬೇಡಿ. ಹಳಗನ್ನಡದ ಧಾಟಿಯಲ್ಲಿರುವ ನಾಲ್ಕು ಸಾಲು ವಾಟ್ಸ್ಆ್ಯಪಿನಲ್ಲಿ ಕೈಬದಲಾಗುತ್ತ ಹೋಗಿ, ಯಾವುದೋ ಅರಸನ ನಿಜವಾದ ಶಾಸನವೆಂದು ನಂಬಿಕೆ ಗಳಿಸಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಆ ಹಿರಿಯರ ಆತಂಕದಲ್ಲಿ ಇಷ್ಟರ ಮಟ್ಟಿಗೆ ಹುರುಳಿದೆ.

ನಿಮ್ಮ ಗುಂಪಿನ ಮುಂದಿನ ಆಟಕ್ಕೆ ಒಂದು ಲೆಕ್ಕ ಕೊಡುತ್ತೇನೆ. ರವಿಕೀರ್ತಿಯು ಐಹೊಳೆಯ ಶಾಸನದಲ್ಲಿ ಶಕ 556ರ ಜೊತೆಗೆ, ಭಾರತ ಯುದ್ಧ ಕಳೆದು 3735 ವರ್ಷಗಳಾದವೆಂದೂ ಹೇಳಿದ್ದಾನೆ. ಅವನ ಎಣಿಕೆಯಂತೆ ಯುದ್ಧವು ಕ್ರಿಸ್ತಪೂರ್ವ ಯಾವ ವರ್ಷಕ್ಕೆ ಬರುತ್ತದೆಂದು ಕಂಡುಹಿಡಿಯಿರಿ, ಆಮೇಲೆ ನಿಮ್ಮ ಮನೆಯ ಪಂಚಾಂಗದಲ್ಲಿ ಅಚ್ಚಾಗಿರುವ ಕಲಿವರ್ಷದ ಆರಂಭವನ್ನು ಅದರ ಪಕ್ಕದಲ್ಲಿಟ್ಟು ನೋಡಿರಿ.